ಕಾದು ಕುಳಿತವರ ಮಾತು

ಆಕ್ಸ್‌ಫರ್ಡ್ ನಗರದಿಂದ ಆಗ್ನೇಯಕ್ಕೆ ಹೊರಟ ಹೆದ್ದಾರಿ ಸುಮಾರು ಹನ್ನೊಂದು ಕಿಲೋಮೀಟರು ಸಾಗುವಷ್ಟರಲ್ಲಿ ತೀರ ನೆರೆಹೊರೆಯಲ್ಲಿರುವ ಎರಡು ಊರುಗಳನ್ನು ಮುಟ್ಟುತ್ತದೆ. ಮೊದಲನೆಯದು ಬೆರಿನ್ಸ್‌ಫೀಲ್ಡ್, ಎರಡನೆಯದು ಡಾರ್ಚೆಸ್ಟರ್. ಪ್ರವಾಸಿಗಳು ಸಾಮಾನ್ಯವಾಗಿ ಮೊದಲನೆಯದನ್ನು ಕಣ್ಣೆತ್ತಿಯೂ ನೋಡದೆ ಎರಡನೆಯದರಲ್ಲಿ ಇಳಿಯುತ್ತಾರೆ. ಅದು ಸಹಜವೇ. ಡಾರ್ಚೆಸ್ಟರಿನಲ್ಲಿ ಹನ್ನೆರಡನೆಯ ಶತಮಾನದ ಮಠವೊಂದರ ಭವ್ಯವಾದ ದೇವಾಲಯವಿದೆ. ಹಳೆಯ ಮರದ ತೊಲೆಗಳ ಛತ್ರಗಳಿವೆ. ಥೇಮ್ ಎಂಬ ಕಿರುಹೊಳೆ ಊರಿನ ಅಂಚನ್ನು ಸವರಿಕೊಂಡು ಹೋಗಿ ಥೇಮ್ಸ್ ನದಿಯನ್ನು ಸೇರುವ ನೋಟವಿದೆ. ನದಿಯಾಚೆ, ನೆತ್ತಿಯಲ್ಲಿ ಮರಗಳ ಗುಂಪನ್ನು ಹೊತ್ತ ವಿಟನ್‌ಹ್ಯಾಮ್ ಗುಡ್ಡಗಳು ಅವಳಿಗಳಂತೆ ನಿಂತಿವೆ. ಕ್ರಿ. ಶ. 635ರಲ್ಲಿ ಬಿರಿನಸ್ ಎಂಬ ಧರ್ಮಪ್ರಚಾರಕನು ಪಶ್ಚಿಮ ಸ್ಯಾಕ್ಸನರ ಅರಸನಿಗೆ ಕ್ರೈಸ್ತ ದೀಕ್ಷೆಯನ್ನು ಕೊಟ್ಟದ್ದು ಇಲ್ಲಿಯೇ.

ಬೆರಿನ್ಸ್‌ಫೀಲ್ಡಿನಲ್ಲಿ ಇದಾವುದೂ ಇಲ್ಲ. ಇಟ್ಟಿಗೆಯ ಸಾಲುಮನೆಗಳು, ಒಂದಷ್ಟು ಅಂಗಡಿಗಳು, ಶಾಲೆ, ಆಟದ ಬಯಲು, ಒಂದು ಆರೋಗ್ಯ ಕೇಂದ್ರ. ಸುತ್ತ ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ನಿಂತು ಆಗಿರುವ ಕೆರೆಗಳು. ಛಾಯಾಚಿತ್ರ ತೆಗೆಯುವವರಿಗೆ ಇಲ್ಲಿ ಕೆಲಸವಿಲ್ಲ. ಆದರೂ, ಮನುಷ್ಯರು ತಮ್ಮ ಬದುಕಿನ ಏರ್ಪಾಡುಗಳನ್ನು ತಾವೇ ತಿದ್ದಿಕೊಳ್ಳುವುದು ಹೇಗೆ ಎಂಬ ಕುತೂಹಲವುಳ್ಳವನಿಗೆ ಮಠದ ಗೋಪುರಕ್ಕಿಂತ ಈ ಆರೋಗ್ಯ ಕೇಂದ್ರದ ಹಜಾರವೇ ಹೆಚ್ಚು ನೋಡತಕ್ಕ ಸ್ಥಳವೆನಿಸೀತು. ಚಿಕಿತ್ಸೆಗಾಗಿ ಬಂದು ಬೆಂಚಿನ ಮೇಲೆ ಕಾದು ಕುಳಿತುಕೊಳ್ಳುವ ಜನ, ಆ ದವಾಖಾನೆ ಹೇಗೆ ನಡೆಯಬೇಕೆಂಬ ವಿಚಾರದಲ್ಲಿ ಡಾಕ್ಟರರೊಡನೆ ಸಮಸಮವಾಗಿ ಕುಳಿತು ಮಾತನಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಮೊದಲು ತಲೆಯೆತ್ತಿದ ಒಂದೆರಡು ಸ್ಥಳಗಳಲ್ಲಿ ಈ ಊರೂ ಒಂದು.

ವಿಮಾನ ಇಳಿದ ನೆಲದಲ್ಲಿ ಊರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಊರಿರಲಿಲ್ಲ. ಮೌಂಟ್ ಫಾರ್ಮ್ ಎಂಬ ವಿಮಾನ ನಿಲ್ದಾಣವಿತ್ತು. ಅಮೆರಿಕದ ವಾಯುಪಡೆಯ ಪತ್ತೆಯ ವಿಮಾನಗಳು ಇಲ್ಲಿಂದ ಹಾರಿ, ಬಂದೂಕಿಲ್ಲದೆ ಶತ್ರುವಿನ ಆಕಾಶದಲ್ಲಿ ಸುತ್ತಿ, ಯೂರೋಪಿನ ನೆಲದ ಚಿತ್ರಗಳನ್ನು ತೆಗೆದುಕೊಂಡು ಮರಳುತ್ತಿದ್ದುವು. ಯುದ್ಧ ಮುಗಿಯಿತು, ಸೈನಿಕರು ಮನೆಗೆ ಹೋದರು. ಅರ್ಧ ಪೀಪಾಯಿಯನ್ನು ಕವುಚಿ ಹಾಕಿದಂತಿದ್ದ ತಗಡಿನ ಗುಡಿಸಲುಗಳು ಮಾತ್ರ ಹಿಂದೆ ಉಳಿದುವು. ಆಗ ಇಂಗ್ಲೆಂಡಿನಲ್ಲಿ ಮನೆಗಳಿಗೆ ಬರಗಾಲ. ತಲೆಯ ಮೇಲೆ ಸೂರಿಲ್ಲದ ಕುಟುಂಬಗಳು ಯಾರ ಅಪ್ಪಣೆಗೂ ಕಾಯದೆ ಆ ಗುಡಿಸಲುಗಳನ್ನು ಹೊಕ್ಕುವು. ಸೀಳುಗಾಳಿ, ಕೆಸರು, ಚಳಿ ಇವುಗಳ ನಡುವೆ ಅಲ್ಲಿಯೇ ಸಂಸಾರ ಹೂಡಿದುವು. ಮಕ್ಕಳು ಹುಟ್ಟಿ ಬೆಳೆದುವು.

ಈ ಪಾಡನ್ನು ಹೆಚ್ಚು ಕಾಲ ನೋಡಿಕೊಂಡಿರಲಾರದೆ ಸ್ಥಳೀಯ ಆಡಳಿತವು 1950ರ ದಶಕದ ಕೊನೆಗೆ ಅದೇ ನೆಲದ ಮೇಲೆ ಹೊಸ ಹಳ್ಳಿಯೊಂದನ್ನು ಕಟ್ಟಲು ಮೊದಲು ಮಾಡಿತು. ಬರಿಯ ಬಯಲಿನಲ್ಲಿ ಹೀಗೆ ಹೊಸ ಹಳ್ಳಿಯೊಂದು ಏಳುವುದು ಇಂಗ್ಲೆಂಡಿನಲ್ಲಿ ಇನ್ನೂರು ವರ್ಷಗಳಲ್ಲಿ ಕಾಣದ ಸಂಗತಿ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಬಿರಿನಸ್ಸನ ಹೆಸರನ್ನೇ ಆಧರಿಸಿ ಊರಿಗೆ ಹೆಸರಿಟ್ಟರು. ಹೆಸರು ಸಾವಿರದ ಮುನ್ನೂರು ವರ್ಷ ಹಳೆಯದು. ಊರು ಮಾತ್ರ ನಿನ್ನೆ ಮೊನ್ನೆಯದು. ಇಂಥ ಊರಿನಲ್ಲಿ ಅಜ್ಜನ ಕಾಲದ ಹಿರೀಕರಿಲ್ಲ, ತಲೆಮಾರಿನ ಪರಿಚಯವಿಲ್ಲ, ಕಷ್ಟಸುಖ ಹೇಳಿಕೊಳ್ಳಲು ಅರಳಿಕಟ್ಟೆಯಿಲ್ಲ. ಎಲ್ಲರೂ ಎಲ್ಲಿಂದಲೋ ಬಂದವರು. ಎಲ್ಲರೂ ಒಂದಲ್ಲ ಒಂದು ದಿನ ಬಂದೇ ಬರುವ ಸ್ಥಳಗಳು ಎರಡೇ: ಶಾಲೆ ಮತ್ತು ಡಾಕ್ಟರರ ಹಜಾರ.

ಸರ್ಜರಿ ಎಂದರೇನು?

ನಮ್ಮ ವಾಚಕರಿಗೆ ಇಲ್ಲಿ ಒಂದು ಮಾತನ್ನು ತಿಳಿಸುವುದು ಅವಶ್ಯ. ಇಂಗ್ಲೆಂಡಿನವರು ‘ಸರ್ಜರಿಗೆ ಹೋಗುತ್ತೇನೆ’ ಎಂದರೆ ಗಾಬರಿಯಾಗಬೇಕಾಗಿಲ್ಲ. ಅದು ಶಸ್ತ್ರಕ್ರಿಯೆಯಲ್ಲ, ಬಡಾವಣೆಯ ಡಾಕ್ಟರರ ದವಾಖಾನೆ. 1948ನೆಯ ಇಸವಿ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಂದಿನಿಂದ ಅಲ್ಲಿಯ ಪ್ರತಿಯೊಬ್ಬನೂ ಇಂಥದೊಂದು ದವಾಖಾನೆಯಲ್ಲಿ ತನ್ನ ಹೆಸರನ್ನು ದಾಖಲು ಮಾಡಿಕೊಂಡಿರುತ್ತಾನೆ. ನೆಗಡಿಯಾಗಲಿ, ಎದೆನೋವಾಗಲಿ, ಮೊದಲು ಹೋಗಬೇಕಾದ್ದು ಅಲ್ಲಿಗೆ. ದೊಡ್ಡಾಸ್ಪತ್ರೆಯ ತಜ್ಞರನ್ನು ಕಾಣಬೇಕಾದರೂ ಸಾಮಾನ್ಯವಾಗಿ ಇಲ್ಲಿಂದಲೇ ಚೀಟಿ ಹೋಗಬೇಕು. ಡಾಕ್ಟರರಿಗೆ ಕೊಡತಕ್ಕ ಹಣ ಸರ್ಕಾರದಿಂದ ಬರುತ್ತದೆ. ರೋಗಿ ಕೈಯಿಂದ ಬಿಡಿಗಾಸನ್ನೂ ಕೊಡುವಂತಿಲ್ಲ.

ಇದು ಎಂಥ ಭಾಗ್ಯವೆಂಬುದನ್ನು, ಡಾಕ್ಟರರ ಶುಲ್ಕಕ್ಕಾಗಿ ಬಳೆ ಒತ್ತೆಯಿಟ್ಟ ಮನೆಗಳು ಚೆನ್ನಾಗಿ ಬಲ್ಲುವು. ಆದರೆ ಈ ಭಾಗ್ಯದ ಮಗ್ಗುಲಲ್ಲೇ ಒಂದು ತೊಡಕೂ ಇದೆ. ಹಣ ಕೊಟ್ಟು ಕೊಳ್ಳುವವನು ಅಂಗಡಿ ಸರಿಯಿಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹಳ್ಳಿಗೊಂದೇ ದವಾಖಾನೆಯಿರುವಲ್ಲಿ ಅವನು ಎಲ್ಲಿಗೆ ಹೋದಾನು? ಬೆಳಗ್ಗೆ ಟೆಲಿಫೋನು ಎಷ್ಟು ಹೊತ್ತು ಬಡಿದರೂ ಯಾರೂ ಎತ್ತುವುದಿಲ್ಲ. ವಾರ ಕಳೆದರೂ ಡಾಕ್ಟರರ ಭೇಟಿಗೆ ಸಮಯ ಸಿಕ್ಕುವುದಿಲ್ಲ. ಮೇಜಿನ ಹಿಂದೆ ಕುಳಿತ ಗುಮಾಸ್ತೆ ‘ಏನು ಕಾಯಿಲೆ?’ ಎಂದು ಹತ್ತು ಜನರಿಗೆ ಕೇಳಿಸುವಂತೆ ವಿಚಾರಿಸುತ್ತಾಳೆ. ಇವಾವುವೂ ಡಾಕ್ಟರರ ಕಿವಿಗೆ ಬೀಳುವ ಸಂಗತಿಗಳಲ್ಲ. ಅವರು ಒಳಗಿನ ಕೋಣೆಯಲ್ಲಿರುತ್ತಾರೆ. ಒಳಕ್ಕೆ ಬಂದ ರೋಗಿಗೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ನೋವನ್ನು ಹೇಳಿಕೊಳ್ಳುವುದೇ ಆಗುತ್ತದೆ, ಟೆಲಿಫೋನಿನ ದೂರನ್ನು ಯಾವಾಗ ಹೇಳುವುದು? ಹೇಳಿದರೆ ಮುಂದೆ ತನ್ನನ್ನು ಹೇಗೆ ನೋಡಿಕೊಂಡಾರೋ ಎಂಬ ಅಂಜಿಕೆ ಬೇರೆ. ಹೀಗೆ ಬಾಗಿಲಿನ ಹೊರಗೆ ನಡೆಯುವುದು ಬಾಗಿಲಿನ ಒಳಗಿನವರಿಗೆ ಗೊತ್ತಾಗದೆಯೇ ವರ್ಷಗಳು ಉರುಳುತ್ತವೆ.

ಬೆರಿನ್ಸ್‌ಫೀಲ್ಡಿನ ಡಾಕ್ಟರು ಪೀಟರ್ ಪ್ರಿಚರ್ಡ್ ಈ ಬಾಗಿಲನ್ನು ತೆರೆಯಲೆಳಸಿದರು. 1972ರಲ್ಲಿ ಅವರು ತಮ್ಮ ಕೇಂದ್ರದ ಸೇವೆ ಪಡೆಯುವ ಊರವರನ್ನೇ ಒಂದು ಮಂಡಲಿಯಾಗಿ ಕೂಡಿಸಿದರು. ಆಗಿನ ವೈದ್ಯವೃತ್ತಿಯಲ್ಲಿ ಇದು ಸಣ್ಣ ಸಾಹಸವಲ್ಲ. ‘ನನ್ನ ಕೆಲಸದಲ್ಲಿ ನಿಮಗೆ ಏನು ಸರಿಕಾಣುವುದಿಲ್ಲ?’ ಎಂದು ರೋಗಿಯನ್ನು ಕೇಳುವುದೆಂದರೆ, ಪೀಠದಿಂದ ಕೆಳಗಿಳಿದು ಚಾಪೆಯ ಮೇಲೆ ಕುಳಿತಂತೆ.

ಡಾಕ್ಟರರ ಅಂಜಿಕೆ, ಜನರ ಅರಿವು

ಇಂಥ ಮಂಡಲಿಗಳ ಸುದ್ದಿ ಹರಡಿದಾಗ ವೈದ್ಯರಲ್ಲಿ ಅನೇಕರು ಹುಬ್ಬುಗಂಟಿಕ್ಕಿದರು. ಚಾಡಿಕೋರರು ಒಂದೆಡೆ ಸೇರಿಯಾರು, ಒಬ್ಬರ ಕಾಯಿಲೆಯ ಗುಟ್ಟು ಇನ್ನೊಬ್ಬರ ಬಾಯಿಗೆ ಬಿದ್ದೀತು, ಔಷಧ ಕೊಡುವುದು ಹೇಗೆಂದು ಅರಿಯದವರು ಉಪದೇಶಕ್ಕೆ ಹೊರಟಾರು: ಇವೇ ಆಕ್ಷೇಪಣೆಗಳು. ಇವುಗಳಲ್ಲಿ ತಿರುಳಿಲ್ಲದಿರಲಿಲ್ಲ. ಆದುದರಿಂದಲೇ ಇಂಥ ಸಭೆಗಳಲ್ಲಿ ಎರಡು ಕಟ್ಟುಗಳು ಬೆಳೆದು ಬಂದುವು. ಯಾರದೇ ವೈಯಕ್ತಿಕ ಕಾಯಿಲೆಯ ವಿಷಯವನ್ನು ಅಲ್ಲಿ ಎತ್ತಕೂಡದು. ತನ್ನೊಬ್ಬನ ದೂರಿಗೆ ಬೇರೆ ದಾರಿಯಿದೆ, ಸಭೆಯಲ್ಲಿ ಎಲ್ಲರಿಗೂ ಸಂಬಂಧಿಸಿದ್ದನ್ನು ಮಾತ್ರ ಆಡಬೇಕು. ರೋಗನಿದಾನ ಡಾಕ್ಟರರದು, ಆ ನಿದಾನದವರೆಗೆ ತಲುಪುವ ದಾರಿ ಎಲ್ಲರದು.

ಆ ದಾರಿಯ ವಿಷಯದಲ್ಲಿ ಜನ ಬಲ್ಲಷ್ಟು ಡಾಕ್ಟರರು ಬಲ್ಲರೆ? ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ನೆರೆಹಳ್ಳಿಯಿಂದ ಬರುವ ಬಸ್ಸು ಹತ್ತೂವರೆಗೆ ತಲುಪುವುದಾದರೆ, ಒಂಬತ್ತು ಗಂಟೆಯ ಭೇಟಿಯನ್ನು ಗೊತ್ತುಮಾಡಿದ ಮುದುಕಿ ಬರುವುದೇ ಇಲ್ಲ. ದವಾಖಾನೆಯ ಪುಸ್ತಕದಲ್ಲಿ ಅವಳು ‘ಹೇಳದೆ ತಪ್ಪಿಸಿಕೊಂಡವಳು’ ಎಂದಾಗುತ್ತಾಳೆ. ಡಾಕ್ಟರರಿಗೆ ಅವಳ ಅಲಕ್ಷ್ಯದ ಮೇಲೆ ಬೇಸರ. ಅವಳಿಗೆ ಡಾಕ್ಟರರ ನಿರ್ದಯೆಯ ಮೇಲೆ ನೋವು. ಬಸ್ಸಿನ ವೇಳೆಯನ್ನು ಬಲ್ಲ ಒಬ್ಬ ನೆರೆಯವಳು ಸಭೆಯಲ್ಲಿ ಒಂದು ಮಾತು ಆಡಿದರೆ ಎರಡೂ ಬೇಸರಗಳು ಒಟ್ಟಿಗೆ ತೀರುತ್ತವೆ. ಸಾಮಾನ್ಯವಾಗಿ ಈ ಮಂಡಲಿಗಳು ಹಿಡಿಯುವ ಕೆಲಸಗಳು ಇಂಥವೇ: ಟೆಲಿಫೋನಿನ ಏರ್ಪಾಡು, ಭೇಟಿಯ ವೇಳೆ, ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನು ಮತ್ತೆ ಬರೆಸಿಕೊಳ್ಳುವ ಕ್ರಮ, ಗಾಲಿಕುರ್ಚಿ ಹತ್ತುವಂಥ ಇಳಿಜಾರು, ಮೇಜಿನ ಮುಂದಿನ ಮಾತು ಹಿಂದಿನವರಿಗೆ ಕೇಳಿಸದಂತೆ ಮರೆ, ಕಣ್ಣು ಮಂಜಾದವರೂ ಓದಬಲ್ಲ ದಪ್ಪಕ್ಷರದ ಸೂಚನೆಗಳು. ಕೆಲವು ಕಡೆ ಸದಸ್ಯರು ತಮ್ಮ ಕಾರುಗಳಲ್ಲಿ ಅಶಕ್ತರನ್ನು ಕರೆತಂದು ಬಿಡುತ್ತಾರೆ. ಮತ್ತೆ ಕೆಲವು ಕಡೆ ಸಕ್ಕರೆಕಾಯಿಲೆ, ಹೃದ್ರೋಗಗಳನ್ನು ಕುರಿತು ಸಂಜೆಯ ಉಪನ್ಯಾಸಗಳನ್ನು ಏರ್ಪಡಿಸುತ್ತಾರೆ.

ಕೇಳುವುದಕ್ಕೆ ಇವೆಲ್ಲ ಚಿಲ್ಲರೆ ಸಂಗತಿಗಳು. ಆದರೆ ರೋಗಿ ಡಾಕ್ಟರರನ್ನು ಸಕಾಲದಲ್ಲಿ ತಲುಪುವುದೂ ತಲುಪದಿರುವುದೂ ಅನೇಕ ವೇಳೆ ಇಂಥ ಚಿಲ್ಲರೆಯ ಮೇಲೆಯೇ ನಿಂತಿರುತ್ತದೆ.

ಗಣಿಯವರ ಮೂರು ಪೆನ್ನಿ

ಬೆರಿನ್ಸ್‌ಫೀಲ್ಡಿನ ಪ್ರಯೋಗ ಹೊಸದೆಂದು ಜಗತ್ತು ಬಗೆಯಿತು. ಆದರೆ ಅದರ ಬೇರನ್ನು ಹುಡುಕುವವನು ಆಕ್ಸ್‌ಫರ್ಡಿನ ಬಯಲನ್ನು ಬಿಟ್ಟು ಪಶ್ಚಿಮಕ್ಕೆ ನಡೆಯಬೇಕು. ಸೆವರ್ನ್ ನದಿಯನ್ನು ದಾಟಿ ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳನ್ನು ಹೊಗಬೇಕು. ಅಲ್ಲಿ ಟ್ರೆಡೀಗರ್ ಎಂಬ ಪಟ್ಟಣವಿದೆ. ಇಂದು ಅಲ್ಲಿ ಗಣಿಗಳಿಲ್ಲ; ಕುಲುಮೆಗಳ ಹೊಗೆಯಿಲ್ಲ; ಗುಡ್ಡಗಳು ಮತ್ತೆ ಹಸಿರಾಗಿವೆ. ಊರ ನಡುವಿನ ಎತ್ತರದ ಗಡಿಯಾರ ಗೋಪುರ ಮಾತ್ರ ಹಳೆಯ ವೈಭವದ ಗುರುತಾಗಿ ನಿಂತಿದೆ.

1890ರಲ್ಲಿ ಈ ಊರಿನ ಕಾರ್ಮಿಕರು ಒಂದು ವೈದ್ಯಸಹಾಯ ಸಂಘವನ್ನು ಕಟ್ಟಿಕೊಂಡರು. ಸಂಬಳದ ಪ್ರತಿ ಪೌಂಡಿಗೆ ಮೂರು ಪೆನ್ನಿಯಂತೆ ವಂತಿಗೆ. ಆಗಿನ ಪೌಂಡಿಗೆ 240 ಪೆನ್ನಿ. ನಮ್ಮ ಲೆಕ್ಕದಲ್ಲಿ ರೂಪಾಯಿಗೆ ಒಂದೂಕಾಲು ಪೈಸೆ ಎಂದಾಯಿತು. ಈ ಹಣದಿಂದ ಸಂಘವು ಡಾಕ್ಟರರನ್ನು ನೇಮಿಸಿಕೊಂಡಿತು; ಸದಸ್ಯನಿಗೂ ಅವನ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯನ್ನು ಒದಗಿಸಿತು. ಕಾಲಕ್ರಮದಲ್ಲಿ ಊರಿನ ಬಹುಪಾಲು ಜನ ಅದರ ಆಶ್ರಯಕ್ಕೆ ಬಂದರು. ಇಲ್ಲಿ ಗಮನಿಸಬೇಕಾದದ್ದು ಒಂದು: ಸಂಘವನ್ನು ನಡೆಸುತ್ತಿದ್ದವರು ಡಾಕ್ಟರರಲ್ಲ, ಜನರಿಂದ ಆರಿಸಿ ಬಂದ ಗಣಿಗಾರರು, ಕಬ್ಬಿಣದ ಕೆಲಸಗಾರರು. ಯಾವ ಡಾಕ್ಟರು ಬೇಕು, ದವಾಖಾನೆ ಯಾವಾಗ ತೆರೆಯಬೇಕು ಎಂಬುದನ್ನು ರೋಗಿಯಾಗತಕ್ಕವನೇ ನಿರ್ಧರಿಸುತ್ತಿದ್ದನು.

ಇದೆಲ್ಲವೂ ಸ್ವರ್ಗವಾಗಿತ್ತೆಂದಲ್ಲ. ಸಮಿತಿಯವರ ದರ್ಪವನ್ನೂ ಒಳಜಗಳಗಳನ್ನೂ ಡಾಕ್ಟರರು ಸಹಿಸಿಕೊಳ್ಳಬೇಕಾಗುತ್ತಿತ್ತು. 1920ರ ದಶಕದ ಆರಂಭದಲ್ಲಿ ಇಲ್ಲಿ ಕೆಲಸ ಮಾಡಿದ ಎ. ಜೆ. ಕ್ರೋನಿನ್ ಎಂಬ ತರುಣ ವೈದ್ಯರು ಮುಂದೆ ಕಾದಂಬರಿಕಾರರಾಗಿ 1937ರಲ್ಲಿ ‘ದಿ ಸಿಟಡೆಲ್’ ಬರೆದಾಗ, ಗಣಿಯೂರಿನ ಬದುಕಿನ ಬಿಸಿಲು ನೆರಳುಗಳೆರಡನ್ನೂ ಅದರಲ್ಲಿ ತಂದರು. ಅದೇ ಊರಿನಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿಗೆ ಗಣಿಗಿಳಿದು, ಊರಿನ ಆಸ್ಪತ್ರೆಯ ಸಮಿತಿಯಲ್ಲಿಯೂ ಕುಳಿತಿದ್ದವನು ಅನೈರಿನ್ ಬೆವನ್. ಯುದ್ಧಾನಂತರ ಆರೋಗ್ಯ ಸಚಿವನಾಗಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಸ್ಥಾಪಿಸಿದವನೂ ಅವನೇ. ಟ್ರೆಡೀಗರಿನ ಜನ ಅನುಭವಿಸುತ್ತಿದ್ದ ಸೌಕರ್ಯವನ್ನೇ ದೇಶಕ್ಕೆಲ್ಲ ಹಂಚುವುದು ಅವನ ಹಂಬಲವಾಗಿತ್ತು.

ಹಂಚಿದ್ದೂ ನಿಜ. ಆದರೆ ಹಂಚುವಾಗ ಒಂದು ವಸ್ತು ಹಿಂದೆ ಉಳಿಯಿತು. ಮೂರು ಪೆನ್ನಿಯ ಚಿಕಿತ್ಸೆ ದೇಶಕ್ಕೆಲ್ಲ ಸಿಕ್ಕಿತು. ಮೂರು ಪೆನ್ನಿ ಕೊಟ್ಟವನ ಮಾತು ಸಿಕ್ಕಲಿಲ್ಲ. ಗಣಿಗಾರರ ಸಮಿತಿಯ ಕೈಕೆಳಗೆ ದುಡಿಯಲು ವೈದ್ಯವೃತ್ತಿಗೆ ಇಷ್ಟವಿರಲಿಲ್ಲ. ಹೊಸ ಏರ್ಪಾಡಿನಲ್ಲಿ ಬಡಾವಣೆಯ ಡಾಕ್ಟರರು ಸರ್ಕಾರದೊಡನೆ ಕರಾರು ಮಾಡಿಕೊಂಡ ಸ್ವತಂತ್ರ ವೃತ್ತಿಗಾರರಾಗಿ ಉಳಿದರು. ಚಿಕಿತ್ಸೆಯನ್ನು ಪಡೆದ ಜನ ಕುರ್ಚಿಯನ್ನು ಕಳೆದುಕೊಂಡರು. 1972ರಲ್ಲಿ ಬೆರಿನ್ಸ್‌ಫೀಲ್ಡಿನ ಡಾಕ್ಟರರು ಎಳೆದು ಹಾಕಿದ್ದು, ಹಾಗೆ ನೋಡಿದರೆ, ಆ ಹಳೆಯ ಕುರ್ಚಿಯನ್ನೇ. ಈ ಬಾರಿ ಒಡೆಯನ ಕುರ್ಚಿಯಾಗಿ ಅಲ್ಲ, ಸಂಗಾತಿಯ ಕುರ್ಚಿಯಾಗಿ.

ಬಾರದವರು ಯಾರು?

ಟ್ರೆಡೀಗರಿಗೆ ಪಶ್ಚಿಮದಲ್ಲಿ, ಆಫನ್ ಕಣಿವೆಯ ತಲೆಯ ಕಡೆ, ಗ್ಲಿನ್‌ಕೊರ್ಗ್ ಎಂಬ ಮತ್ತೊಂದು ಗಣಿಯ ಹಳ್ಳಿಯಿದೆ. 1961ರಿಂದ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರ ಹೆಸರನ್ನು ಇಲ್ಲಿ ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. 1971ರಲ್ಲಿ ಅವರು ‘ಲಾನ್ಸೆಟ್’ ಪತ್ರಿಕೆಯಲ್ಲಿ ಒಂದು ಕಹಿ ನಿಯಮವನ್ನು ಮಂಡಿಸಿದರು. ಅದರ ತಾತ್ಪರ್ಯವಿಷ್ಟು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಅವಶ್ಯವೋ ಅವರಿಗೇ ಅದು ಕಡಮೆ ಸಿಕ್ಕುತ್ತದೆ. ಪೇಟೆ ಏರಿದಷ್ಟೂ ಈ ಅನ್ಯಾಯ ಏರುತ್ತದೆ.

ಟ್ಯೂಡರ್ ಹಾರ್ಟರು ನಿಯಮವನ್ನು ಬರೆದು ಸುಮ್ಮನೆ ಕುಳಿತವರಲ್ಲ. ಕಾಯಿಲೆಯೆಂದು ಬಂದವರನ್ನು ಮಾತ್ರ ನೋಡಿದರೆ ಸಾಲದು, ಬಾರದವರನ್ನೂ ಹುಡುಕಬೇಕೆಂದು ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆಯಲು ಹೊರಟರು. ರಕ್ತದೊತ್ತಡ ಮೌನವಾಗಿ ಕೊಲ್ಲುವ ರೋಗ, ‘ನನಗೇನಾಗಿದೆ?’ ಎನ್ನುವವನಲ್ಲಿಯೇ ಅದು ಅಡಗಿ ಕುಳಿತಿರುತ್ತದೆ. ಜನರ ಸಹಕಾರವಿಲ್ಲದೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು. ರೋಗಿ ಗಿರಾಕಿಯಲ್ಲ, ಆರೋಗ್ಯವೆಂಬ ಫಸಲನ್ನು ಡಾಕ್ಟರರೊಡನೆ ಕೂಡಿ ಬೆಳೆಯುವವನು ಎಂಬುದು ಅವರ ಜೀವನದುದ್ದದ ಸಿದ್ಧಾಂತ. 1991ರಲ್ಲಿ ಅವರೂ ಅವರ ಜೊತೆಗಾರರೂ ಕಾಲು ಶತಮಾನದ ಲೆಕ್ಕವನ್ನು ಪ್ರಕಟಿಸಿದಾಗ, ಇಂಥ ಹುಡುಕಾಟ ನಡೆಯದ ನೆರೆಯ ಹಳ್ಳಿಗಿಂತ ಗ್ಲಿನ್‌ಕೊರ್ಗಿನಲ್ಲಿ ಅಕಾಲಮರಣಗಳು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಮೆಯಾಗಿದ್ದುದು ಕಂಡುಬಂದಿತು.

ಇಂಥ ಕಣಿವೆಗಳಿಗೆ ಬಂದು ನೆಲಸಲು ಬ್ರಿಟನ್ನಿನ ಯುವ ವೈದ್ಯರು ಹಿಂಜರಿದಾಗ, ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಭಾರತದಿಂದ ಹೋದ ಡಾಕ್ಟರರು. ಕನ್ನಡ ನಾಡಿನ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದವರೂ ಕಡಮೆಯಲ್ಲ. ನಮ್ಮಲ್ಲಿ ‘ಡಾಕ್ಟರು ದೇವರಿದ್ದಂತೆ’ ಎಂಬ ಮಾತನ್ನು ಕೇಳಿ ಬೆಳೆದವರಿಗೆ, ಬೆಂಚಿನಿಂದೆದ್ದ ಗೃಹಿಣಿಯೊಬ್ಬಳು ‘ನಿಮ್ಮ ಟೆಲಿಫೋನಿನ ಏರ್ಪಾಡು ಸರಿಯಿಲ್ಲ’ ಎಂದರೆ ಮೊದಲ ದಿನ ಹೇಗೆನಿಸಿರಬೇಕು!

1978ರಲ್ಲಿ ಈ ಮಂಡಲಿಗಳಿಗೆಲ್ಲ ಒಂದು ರಾಷ್ಟ್ರೀಯ ಸಂಘವಾಯಿತು. 2015ರ ಏಪ್ರಿಲಿನಿಂದ ಇಂಗ್ಲೆಂಡಿನ ಪ್ರತಿಯೊಂದು ದವಾಖಾನೆಯೂ ಇಂಥ ಮಂಡಲಿಯನ್ನು ಹೊಂದಿರಲೇಬೇಕೆಂದು ಡಾಕ್ಟರರ ಕರಾರಿನಲ್ಲಿಯೇ ಸೇರಿಸಲಾಯಿತು. ಒಬ್ಬ ಹಳ್ಳಿಯ ಡಾಕ್ಟರರ ವಿಚಾರ ನಲವತ್ತಮೂರು ವರ್ಷಗಳಲ್ಲಿ ದೇಶದ ಕಟ್ಟಳೆಯಾಯಿತು.

ಕಟ್ಟಳೆಯಾದೊಡನೆ ಜೀವ ಬಂದಿತೆ? ಇಲ್ಲಿಯೇ ನಿಜವಾದ ಪ್ರಶ್ನೆ ಏಳುತ್ತದೆ. ಒಲವಿನಿಂದ ಹುಟ್ಟಿದ ಸಭೆಗೂ ಕಟ್ಟಳೆಗಾಗಿ ಕೂಡಿಸಿದ ಸಭೆಗೂ ಅಂತರವಿದೆ. ಎಷ್ಟೋ ಕಡೆ ಮಂಡಲಿ ಗೋಡೆಯ ಮೇಲಿನ ಒಂದು ಚೀಟಿಯಾಗಿ ಮಾತ್ರ ಉಳಿಯುವ ಅಪಾಯವುಂಟು. ಸಭೆ ಸೇರಿದರೂ ಅಲ್ಲಿಗೆ ಬರುವವರು ಯಾರು? ಬಿಡುವುಳ್ಳವರು, ನಿವೃತ್ತರಾದವರು, ನಾಲ್ಕು ಜನರ ಮುಂದೆ ಮಾತನಾಡಲು ಅಭ್ಯಾಸವಿರುವವರು. ರಾತ್ರಿಯ ಪಾಳಿಯಲ್ಲಿ ದುಡಿಯುವವನು ಬರುವುದಿಲ್ಲ. ಕಂಕುಳಲ್ಲೊಂದು, ಕೈಯಲ್ಲೊಂದು ಮಗುವಿರುವ ತಾಯಿ ಬರುವುದಿಲ್ಲ. ಇಂಗ್ಲಿಷು ಬಾರದ ವಲಸೆಗಾರ ಬರುವುದಿಲ್ಲ. ಮನಸ್ಸಿನ ಕಾಯಿಲೆಯಿಂದ ಬಾಗಿಲು ಮುಚ್ಚಿಕೊಂಡು ಕುಳಿತವನಂತೂ ಬರುವುದೇ ಇಲ್ಲ. ಅತ್ತ ಮಗುವಿಗೆ ಹಾಲು ಎಂಬ ಗಾದೆ ನಮ್ಮಲ್ಲಿದೆ. ಅಳಲೂ ತ್ರಾಣವಿಲ್ಲದ ಮಗುವಿನ ಗತಿಯೇನು? ಟ್ಯೂಡರ್ ಹಾರ್ಟರ ಕಹಿ ನಿಯಮ ಚಿಕಿತ್ಸೆಗೆ ಮಾತ್ರವಲ್ಲ, ಮಾತಿಗೂ ಅನ್ವಯಿಸುತ್ತದೆ: ಯಾರ ಮಾತು ಹೆಚ್ಚು ಅವಶ್ಯವೋ ಅವರ ಮಾತೇ ಕಡಮೆ ಕೇಳಿಸುತ್ತದೆ.

ಆದುದರಿಂದ ಒಳ್ಳೆಯ ಮಂಡಲಿಯನ್ನು ಅದರ ಸಭೆಯ ಸಂಖ್ಯೆಯಿಂದ ಅಳೆಯುವಂತಿಲ್ಲ. ಸಭೆಗೆ ಬಾರದವರ ಬಳಿಗೆ ಅದು ಎಷ್ಟು ಬಾರಿ ಹೋಯಿತೆಂಬುದರಿಂದ ಅಳೆಯಬೇಕು. ಹಜಾರದ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಕೇಳುವ ಸದಸ್ಯರಿದ್ದಾರೆ. ಪ್ರಶ್ನೆಗಳನ್ನು ಮನೆಗಳಿಗೆ ಕಳುಹಿಸುವವರಿದ್ದಾರೆ. ಅಂತರಜಾಲದ ಮೂಲಕ ಅಭಿಪ್ರಾಯ ಕೂಡಿಸುವವರೂ ಇದ್ದಾರೆ. ಬೆಳಗಿನ ಎಂಟು ಗಂಟೆಗೆ ಸಾಲುಗಟ್ಟಿ ಟೆಲಿಫೋನು ಮಾಡಿದರೂ ಭೇಟಿ ದೊರೆಯದೆಂಬ ಕೊರಗು ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಊರೂರಿನಲ್ಲಿಯೂ ಕೇಳಿಬಂದಿದೆ. ಡಾಕ್ಟರರ ಕೊರತೆಯನ್ನು ಯಾವ ಮಂಡಲಿಯೂ ತುಂಬಲಾರದು. ಆದರೆ ಇರುವ ಡಾಕ್ಟರರ ಇರುವ ವೇಳೆ ಯಾರಿಗೆ ಮೊದಲು ಸಲ್ಲಬೇಕೆಂಬ ಕಠಿನ ಪ್ರಶ್ನೆಯನ್ನು, ಬೆಂಚಿನವರೂ ಕೋಣೆಯವರೂ ಒಟ್ಟಿಗೆ ಕುಳಿತು ಬಿಡಿಸಿದರೆ ಅದರಲ್ಲಿ ಕೋಪ ಕಡಮೆಯಾಗುತ್ತದೆ, ನ್ಯಾಯ ಹೆಚ್ಚಾಗುತ್ತದೆ.

ನಮ್ಮ ನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಆರೋಗ್ಯ ರಕ್ಷಾ ಸಮಿತಿಗಳಿವೆ. ಊರಿನ ಪ್ರತಿನಿಧಿಗಳಿಗೆ ಅಲ್ಲಿಯೂ ಸ್ಥಾನವುಂಟು. ಸಮಿತಿಯ ಫಲಕವನ್ನು ಕಂಡವರು ಎಷ್ಟು ಮಂದಿ, ಅದರ ಮುಂದೆ ಒಂದು ಮಾತು ಆಡಿದವರು ಎಷ್ಟು ಮಂದಿ ಎಂಬುದನ್ನು ಆಯಾ ಊರಿನವರೇ ಲೆಕ್ಕ ಹಾಕಿಕೊಳ್ಳಬಹುದು. ಟ್ರೆಡೀಗರಿನ ಗಣಿಗಾರನಿಗೆ ಆ ಕುರ್ಚಿ ಮೂರು ಪೆನ್ನಿಗೆ ಸಿಕ್ಕಿತು. ಬೆರಿನ್ಸ್‌ಫೀಲ್ಡಿನವನಿಗೆ ಒಬ್ಬ ಡಾಕ್ಟರರ ಸೌಜನ್ಯದಿಂದ ಸಿಕ್ಕಿತು. ಇಂದಿನ ಇಂಗ್ಲೆಂಡಿನವನಿಗೆ ಕಟ್ಟಳೆಯಿಂದ ಸಿಕ್ಕಿದೆ. ಯಾವ ಬಗೆಯಲ್ಲಿ ಸಿಕ್ಕಿದರೂ ಕುರ್ಚಿ ಕುರ್ಚಿಯೇ. ಅದರ ಮೇಲೆ ಯಾರಾದರೂ ಕುಳಿತುಕೊಳ್ಳಬೇಕು. ಕುಳಿತವನು ತನ್ನ ಪಕ್ಕದಲ್ಲಿ ಬಾರದೆ ಉಳಿದವನ ಪರವಾಗಿ ಬಾಯಿ ತೆರೆಯಬೇಕು.